ಹಳೇ ಬೆಂಜ್ ಕಾರಿನ ಗಡಿಯಾರ ಮನೆಯಲ್ಲೇ ರಿಪೇರಿ ಮಾಡಿದ್ದು

ಹಳೇ ಕಾರು ಇಟ್ಟುಕೊಂಡವರು ಎಂಜಿನ್‌ಗೆ, ಪೇಂಟ್‌ಗೆ ಎಷ್ಟು ಬೇಕಾದರೂ ಖರ್ಚು ಮಾಡುತ್ತಾರೆ. ಡ್ಯಾಶ್‌ಬೋರ್ಡಿನ ಗಡಿಯಾರ ಮಾತ್ರ ವರ್ಷಗಟ್ಟಲೆ ನಿಂತೇ ಇರುತ್ತದೆ. ನನಗೆ ಅದನ್ನು ನೋಡಿದರೆ ಬೇಜಾರು. ಬೆಳಗಾವಿಯ ನಮ್ಮ ಮನೆಯಲ್ಲಿರುವುದು 1973ರ ಮರ್ಸಿಡಿಸ್ 220ಡಿ. ಸ್ಪೀಡೋಮೀಟರಿನ ಬಲಕ್ಕೆ ಅಷ್ಟು ದೊಡ್ಡ ಗಡಿಯಾರ ಇದೆ, ಅದು ಓಡದಿದ್ದರೆ ಹೇಗೆ?

ಇದು ಕ್ವಾರ್ಟ್ಜ್ ಅಲ್ಲ. ಚಾವಿ ಕೊಡುವ ಗಡಿಯಾರವೇ, ಆದರೆ ಚಾವಿ ಕೊಡುವುದು ಕಾರಿನ ಬ್ಯಾಟರಿ. ಒಳಗೊಂದು ಸಣ್ಣ ಸ್ಪ್ರಿಂಗ್ ಇದೆ. ಅದು ಬಿಚ್ಚಿಕೊಳ್ಳುತ್ತಾ ಬಂದು ಕೊನೆಗೆ ಎರಡು ಪಾಯಿಂಟ್‌ಗಳು ಒಂದಕ್ಕೊಂದು ತಾಗುತ್ತವೆ. ಕಾಯಿಲ್‌ಗೆ ಕರೆಂಟ್ ಹೋಗುತ್ತದೆ, ತೋಳೊಂದು ಟಕ್ ಅಂತ ಹಾರಿ ಸ್ಪ್ರಿಂಗನ್ನು ಮತ್ತೆ ಬಿಗಿಮಾಡುತ್ತದೆ, ಪಾಯಿಂಟ್ ಬಿಡುತ್ತದೆ. ಕೆಲವು ನಿಮಿಷಕ್ಕೊಮ್ಮೆ ಹೀಗೆ. ಸುಮ್ನೆ ಕಾರಿನಲ್ಲಿ ಕೂತರೆ ಆ ಟಕ್ ಸದ್ದು ಕೇಳಿಸುತ್ತದೆ.

ಬ್ಯಾಟರಿ ಇಳಿದಿದ್ದರೆ ತೋಳು ಹಾರುವಷ್ಟು ಜೋರು ಸಿಗುವುದಿಲ್ಲ. ಪಾಯಿಂಟ್ ಅಂಟಿಕೊಂಡೇ ಇರುತ್ತದೆ, ಕಾಯಿಲ್ ಬಿಸಿಯಾಗುತ್ತಾ ಹೋಗುತ್ತದೆ. ಅದು ಸುಡಬಾರದು ಅಂತಲೇ ಒಂದು ಕಡೆ ಕರೆಂಟ್ ಹೋಗುವ ಲೋಹದ ಪಟ್ಟಿಯನ್ನು ಬಗ್ಗಿಸಿ ಬೇಗ ಕರಗುವ ಬೆಸುಗೆಯಿಂದ ಹಿಡಿಸಿರುತ್ತಾರೆ. ಅದು ಕರಗಿದ ಕೂಡಲೇ ಪಟ್ಟಿ ಮೇಲೆದ್ದು ಕರೆಂಟ್ ಕಟ್ ಆಗುತ್ತದೆ. ಅಂದರೆ ಗಡಿಯಾರ ಕೆಟ್ಟಿಲ್ಲ, ತನ್ನನ್ನು ತಾನು ಉಳಿಸಿಕೊಂಡಿದೆ. ನಮ್ಮೂರ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಶೆಡ್ ಸೇರಿದ ಕಾರು ಸೆಪ್ಟೆಂಬರ್ ತನಕ ಹೊರಗೆ ಬರುವುದೇ ಅಪರೂಪ. ನಮ್ಮದಕ್ಕೂ ಆಗಿದ್ದು ಇದೇ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದೆ. ಮೀಟರ್ ಸೆಟ್ ಹೊರಗೆಳೆಯುವಾಗ ಅವಸರ ಬೇಡ, ಹಿಂದೆ ಸ್ಪೀಡೋಮೀಟರ್ ಕೇಬಲ್ ಜೊತೆ ಆಯಿಲ್ ಪ್ರೆಶರ್‌ನ ಸಣ್ಣ ಪೈಪೂ ಇರುತ್ತದೆ. ಆ ಪೈಪು ಮಡಚಿಕೊಂಡರೆ ಗಡಿಯಾರಕ್ಕಿಂತ ದೊಡ್ಡ ತಲೆನೋವು.

ಗಡಿಯಾರ ಬಿಚ್ಚಿ ನೋಡಿದರೆ ಪಟ್ಟಿ ಮೇಲೆದ್ದಿತ್ತು, ತುದಿಯಲ್ಲಿ ಬೆಸುಗೆಯ ಬೂದು ಗುಂಡು. ಪಾಯಿಂಟ್‌ಗಳು ಕಪ್ಪಾಗಿದ್ದವು. ಅತೀ ನಯವಾದ ಪಾಲಿಶ್ ಪೇಪರಿನ ಚೂರನ್ನು ನಡುವೆ ಇಟ್ಟು ಮೆಲ್ಲಗೆ ಎಳೆದೆ, ಆಮೇಲೆ ಸ್ಪಿರಿಟ್ ಹಚ್ಚಿದ ಕಾಗದದಿಂದ ಒರೆಸಿದೆ. ಲೋಹ ಹೊಳೆದರೆ ಸಾಕು, ಜಾಸ್ತಿ ತಿಕ್ಕಬಾರದು.

ಚಕ್ರಗಳ ಕೆಲಸಕ್ಕೆ ಖಡೇ ಬಜಾರಿನ ವಾಚ್ ರಿಪೇರಿ ಕಾಕಾ ಹತ್ತಿರ ಹೋಗಿದ್ದೆ. ‘ತಮ್ಮಾ, ಎಣ್ಣಿ ಸೂಜಿ ತುದಿಲೆ ಅಷ್ಟ ಹಚ್ಚು. ಹೇರ್‌ಸ್ಪ್ರಿಂಗಿಗಂತೂ ಮುಟ್ಟಸಬ್ಯಾಡ’ ಅಂದರು. ಎಣ್ಣೆ ತಾಗಿದರೆ ಆ ಕೂದಲೆಳೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರ ಮುಂದೋಡುತ್ತದೆ. ಎಣ್ಣೆ ಅಂದರೆ ವಾಚಿನ ಎಣ್ಣೆಯೇ. ಜಂಗು ಬಿಡಿಸುವ ಸ್ಪ್ರೇ ಇದರೊಳಗೆ ಹೊಡೆಯಲೇಬೇಡಿ.

ಬೆಸುಗೆಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ರೇಡಿಯೋ ಅಂಗಡಿಯ ಮಾಮೂಲಿ ಸೋಲ್ಡರ್ ಕರಗಲು ಸುಮಾರು 183 ಡಿಗ್ರಿ ಬೇಕು. ಅದನ್ನು ಹಾಕಿದರೆ ಗಡಿಯಾರ ಓಡುತ್ತದೆ, ಆದರೆ ಮುಂದಿನ ಸಲ ಬ್ಯಾಟರಿ ಇಳಿದಾಗ ಬೆಸುಗೆ ಕರಗುವ ಮುಂಚೆ ಕಾಯಿಲ್ಲೇ ಸುಟ್ಟುಹೋಗಬಹುದು. ಆ ಕಾಯಿಲ್ ಮತ್ತೆ ಎಲ್ಲಿ ಸಿಗಬೇಕು? ನಾನು ಹಾಕಿದ್ದು 58 ಪಾಲು ಬಿಸ್ಮತ್, 42 ಪಾಲು ತವರ ಇರುವ ಸೋಲ್ಡರ್. ಅದು 138 ಡಿಗ್ರಿಗೇ ಕರಗುತ್ತದೆ. ಪಟ್ಟಿಯನ್ನು ಮರದ ಕಡ್ಡಿಯಿಂದ ಒತ್ತಿ ಹಿಡಿದು, ಒಂದು ಚುಕ್ಕೆ ಇಟ್ಟು, ಪೂರ್ತಿ ಆರುವ ತನಕ ಕೈ ಅಲುಗಿಸಲಿಲ್ಲ.

ಟೆಸ್ಟ್ ಮಾಡುವಾಗ ಸಣ್ಣ ಅಡಾಪ್ಟರ್ ಹಚ್ಚಬೇಡಿ. ಅದರ ಕರೆಂಟ್ ಸಾಲದೆ ಪಾಯಿಂಟ್ ಅಂಟಿಕೊಂಡು ಹೊಸ ಬೆಸುಗೆಯೇ ಕರಗುತ್ತದೆ. ಪೂರ್ತಿ ಚಾರ್ಜ್ ಇರುವ 12 ವೋಲ್ಟ್ ಕಾರ್ ಬ್ಯಾಟರಿಗೇ ಹಚ್ಚಿ, ಮೇಜಿನ ಮೇಲೆ ಒಂದೆರಡು ದಿನ ಓಡಲು ಬಿಡಿ. ಮುಂದೆ ಹಿಂದೆ ಆಗುತ್ತಿದ್ದರೆ ಬ್ಯಾಲೆನ್ಸ್ (ಹೇರ್‌ಸ್ಪ್ರಿಂಗ್ ಜೊತೆ ಅತ್ತಿತ್ತ ತಿರುಗುವ ಚಕ್ರ) ಪಕ್ಕದ ಸಣ್ಣ ಲಿವರನ್ನು ಕೂದಲೆಳೆಯಷ್ಟು ಸರಿಸಿ ಒಂದು ದಿನ ಕಾಯಬೇಕು. ಕಾರಿಗೆ ಹಾಕಿದ ಮೇಲೆ ಈ ಹೊಂದಿಕೆಗೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಈಗ ಮಳೆಗಾಲಕ್ಕೆ ಕಾರು ನಿಲ್ಲಿಸುವಾಗ ಬ್ಯಾಟರಿ ಟರ್ಮಿನಲ್ ತೆಗೆದೇ ಇಡುತ್ತೇನೆ. ಮತ್ತೆ ಹಚ್ಚುವ ಮುಂಚೆ ಚಾರ್ಜ್ ಪೂರ್ತಿ ಇದೆಯಾ ಅಂತ ಮೀಟರ್ ಹಿಡಿದು ನೋಡುತ್ತೇನೆ. ಚಾರ್ಜ್ ಕಮ್ಮಿ ಕಂಡರೆ ಮೊದಲು ಚಾರ್ಜರ್, ಆಮೇಲೆ ಟರ್ಮಿನಲ್.