ಪೆಟ್ರೋಲ್ ಕಾರಿಗೆ ಗ್ಯಾಸ್ (ಎಲ್‌ಪಿಜಿ) ಕಿಟ್ ಕೂರಿಸುವಾಗ

ಮೊದಲು ಎಂಜಿನ್ ನೋಡಿ. ಪೆಟ್ರೋಲಿನಲ್ಲೇ ಮಿಸ್ ಹೊಡೆಯುವ ಗಾಡಿ ಗ್ಯಾಸಿನಲ್ಲಿ ಇನ್ನಷ್ಟು ಹೊಡೆಯುತ್ತದೆ, ಗ್ಯಾಸಿಗೆ ಕಿಡಿ ಬಲವಾಗಿರಬೇಕು. ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಗ್ಯಾಪ್ 0.7–0.8 ಮಿ.ಮೀ. ಇಡಿ, ಹಳೆ ಪ್ಲಗ್ ವಯರ್ ಬದಲಿಸಿ. ಕಾರ್ಬುರೇಟರ್ ಗಾಡಿಯ ಮಿಕ್ಸರ್ ಕಿಟ್ಟಿನಲ್ಲಿ (ಒಳಹೋಗುವ ಗಾಳಿಗೇ ಗ್ಯಾಸ್ ಬೆರೆಸುವ ಕಿಟ್) ಕಿಡಿ ತಪ್ಪಿದರೆ ಗ್ಯಾಸ್ ಹಿಂದಕ್ಕೆ ಹೊತ್ತಿ ಏರ್ ಫಿಲ್ಟರಿನ ಡಬ್ಬಿಯೇ ಸೀಳುತ್ತದೆ. ಇಂಜೆಕ್ಷನ್ ಗಾಡಿಗೆ ಸೀಕ್ವೆನ್ಷಿಯಲ್ ಕಿಟ್ಟೇ (ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಸರದಿಯಂತೆ ಬೇರೆ ಬೇರೆ ಗ್ಯಾಸ್ ಕೊಡುವ ಕಿಟ್) ಹಾಕಿಸಿ.

ಹೆಚ್ಚಿನ ತೊಂದರೆ ಹುಟ್ಟುವುದು ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರಿನಲ್ಲಿ. ದ್ರವ ಗ್ಯಾಸ್ ಆವಿಯಾಗುವುದು ಅಲ್ಲೇ, ಅದಕ್ಕೆ ಬೇಕಾದ ಬಿಸಿ ಎಂಜಿನ್ನಿನ ಕೂಲಂಟ್‌ನಿಂದ ಬರಬೇಕು. ಹೀಟರ್ ಹೋಸಿಗೆ ಟಿ ಜಾಯಿಂಟ್ ಹಾಕಿ ನೀರು ಕೊಡಿ. ರೇಡಿಯೇಟರಿನ ನೀರಿನ ಮಟ್ಟಕ್ಕಿಂತ ರೆಡ್ಯೂಸರ್ ಕೆಳಗಿರಲಿ. ಮೇಲೆ ಕೂತರೆ ಒಳಗೆ ಗಾಳಿ ಸಿಕ್ಕಿಕೊಂಡು ನೀರು ಓಡುವುದಿಲ್ಲ. ಆಗ ಅದರ ಮೈಮೇಲೆ ಬಿಳಿ ಮಂಜು ಕಟ್ಟುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಸಾಯುತ್ತದೆ. ಟ್ಯೂನಿಂಗ್‌ಗೆ ಕೈ ಹಾಕುವ ಮೊದಲು ಎರಡೂ ಹೋಸ್ ಮುಟ್ಟಿ ನೋಡಿ. ಒಂದು ಬಿಸಿ, ಒಂದು ತಣ್ಣಗಿದ್ದರೆ ಗಾಳಿ ತೆಗೆಯಿರಿ. ಗಾಡಿ ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ನೀರು ಸುಮಾರು 40 ಡಿಗ್ರಿ ದಾಟಿದ ಮೇಲೆ ಗ್ಯಾಸಿಗೆ ತಿರುಗಲಿ. ಪೆಟ್ರೋಲ್ ಕಾಲು ಟ್ಯಾಂಕಾದರೂ ಇರಲಿ, ಟ್ಯಾಂಕಿನೊಳಗಿನ ಪಂಪು ತಂಪಾಗುವುದೇ ಅದರಿಂದ.

ಡಿಕ್ಕಿಯ ಗ್ಯಾಸ್ ಟ್ಯಾಂಕನ್ನು ತಗಡಿಗೆ ಬರೀ ಸ್ಕ್ರೂ ಹೊಡೆದು ನಿಲ್ಲಿಸಬಾರದು. ಪಟ್ಟಿ, ಬೋಲ್ಟು, ಅಡಿಯಲ್ಲಿ ದಪ್ಪ ಪ್ಲೇಟು ಬೇಕು. ಟ್ಯಾಂಕಿನ ಮೇಲಿನ ಮಲ್ಟಿವಾಲ್ವಿನ (ಗ್ಯಾಸ್ ತುಂಬುವ, ಹೊರಬಿಡುವ ವಾಲ್ವುಗಳ ಜೋಡಣೆ) ಮುಚ್ಚಳದಿಂದ ಗಾಳಿಕೊಳವೆ ಗಾಡಿಯ ಅಡಿಗೇ ಹೋಗಲಿ. 60 ಲೀಟರಿನ ಟ್ಯಾಂಕಿಗೆ ತುಂಬುವುದು 48 ಲೀಟರ್ ಮಾತ್ರ: ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕೆಂದು ವಾಲ್ವು 80 ಶೇಕಡಾಕ್ಕೆ ನಿಲ್ಲಿಸುತ್ತದೆ. ಅದಕ್ಕಿಂತ ಹೆಚ್ಚು ಹಿಡಿದರೆ ವಾಲ್ವನ್ನು ಮುಚ್ಚಿಸುವ ತೇಲುಬುಂಡೆ (ಫ್ಲೋಟ್) ಸಿಕ್ಕಿಕೊಂಡಿದೆ ಎಂದರ್ಥ, ಓಡಿಸಬೇಡಿ. ಮನೆಯ 14.2 ಕಿಲೋ ಸಿಲಿಂಡರಿಗೆ ಈ ತಡೆಯೂ ಇಲ್ಲ, ಗಾಡಿಗೆ ಕಟ್ಟುವುದು ಅಪರಾಧವೂ ಹೌದು.

ತಾಮ್ರದ ಪೈಪನ್ನು ಸೈಲೆನ್ಸರಿನಿಂದ ದೂರ ಎಳೆದು, ಎಂಜಿನ್ ಬಳಿ ಒಂದೆರಡು ಸುತ್ತು ಬಿಡಿ; ಇಲ್ಲದಿದ್ದರೆ ಅದುರಿ ಅದುರಿ ಬಿರಿಯುತ್ತದೆ. ಆಮೇಲೆ ಪ್ರತಿ ಜಾಯಿಂಟಿಗೂ ಸಾಬೂನಿನ ನೊರೆ ಹಚ್ಚಿ. ಒಂದು ಸಣ್ಣ ಗುಳ್ಳೆ ನಿಧಾನವಾಗಿ ಉಬ್ಬಿದರೂ ಅದು ಲೀಕೇ. ಈ ಕೆಲಸ ಬಯಲಿನಲ್ಲೇ ಆಗಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸರ್ವಿಸ್ ಗುಂಡಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಕುಂಬಳೆ, ಉಪ್ಪಳದಂಥ ಕಡಲ ಬದಿಯ ಊರುಗಳ ಗಾಡಿಗಳಲ್ಲಿ ವಯರಿಂಗ್ ಸಾಕೆಟ್ ಹಸಿರು ಹಿಡಿದು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಗ್ಯಾಸ್ ವಾಲ್ವು) ತೆರೆಯದೇ ಹೋಗಬಹುದು. ಮಳೆಗಾಲಕ್ಕೆ ಮುಂಚೆ ಅವನ್ನು ಬಿಚ್ಚಿ ಉಜ್ಜಿ.

ಕಿಟ್ ನಿಮ್ಮ ಮಾದರಿಗೆ ಅನುಮೋದನೆ ಪಡೆದದ್ದೇ ಆಗಿರಬೇಕು. ಕೆಲಸ ಮಂಗಳೂರಿನಲ್ಲಿ ಮಾಡಿಸಿದರೂ ಕೆಎಲ್ 14 ಗಾಡಿಯ ಆರ್‌ಸಿ ತಿದ್ದಬೇಕಾದದ್ದು ಕಾಸರಗೋಡಿನ ಆರ್‌ಟಿಒ ಕಚೇರಿ. ಅನುಮತಿ ಮೊದಲೇ ತೆಗೆದುಕೊಳ್ಳಿ, ವಿಮೆಯವರಿಗೂ ತಿಳಿಸಿ. ಲೀಟರಿಗೆ ಮೈಲೇಜು ಪೆಟ್ರೋಲಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಬರುತ್ತದೆ, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ. ಗ್ಯಾಸಿನಲ್ಲಿ ವಾಲ್ವ್ ಸೀಟು ಬೇಗ ಸವೆಯುವುದರಿಂದ 20,000 ಕಿ.ಮೀ.ಗೊಮ್ಮೆ ಟ್ಯಾಪೆಟ್ ಗ್ಯಾಪ್ (ವಾಲ್ವಿನ ತುದಿಯ ಸಂದು) ನೋಡಿಸಿ. ಗ್ಯಾಸ್ ಟ್ಯಾಂಕನ್ನು 5 ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡಿ.