ಚೈನ್‌ಸಾಗೆ ಹೊಸ ಬಾರ್: ಬೋಲ್ಟಿಗೆ ಕೂತರೆ ಸಾಲದು, ಆಯಿಲ್ ತೂತೂ ಕೂರಬೇಕು

ಬೋಲ್ಟಿಗೆ ಸಲೀಸಾಗಿ ಕೂತ ಗೈಡ್ ಬಾರ್‌ಗೆಲ್ಲ (ಚೈನ್ ಸುತ್ತುವ ಉದ್ದದ ಉಕ್ಕಿನ ಪಟ್ಟಿಗೆಲ್ಲ) ಆಯಿಲ್ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಪಂಪು ತಳ್ಳಿದ ಆಯಿಲ್ ಯಂತ್ರದ ಮೈಮೇಲಿನ ಒಂದು ಸಣ್ಣ ಬಾಯಿಯಿಂದ ಹೊರಬಂದು, ಬಾರಿನ ಬುಡದ ತೂತಿನ ಮೂಲಕ ಗ್ರೂವ್, ಅಂದರೆ ಬಾರಿನ ಅಂಚಿನುದ್ದಕ್ಕೂ ಇರುವ ಗಾಡಿ, ಸೇರಬೇಕು. ಅಲ್ಲಿಂದ ಮುಂದೆ ಚೈನಿನ ಡ್ರೈವ್ ಲಿಂಕ್‌ಗಳೇ (ಗ್ರೂವ್‌ನೊಳಗೆ ಓಡುವ ಕೊಂಡಿಗಳೇ) ಅದನ್ನು ಬಾರಿನ ಮೂತಿಯತ್ತ ಎಳೆದೊಯ್ಯುತ್ತವೆ. ಬಾಯಿ ಒಂದು ಕಡೆ, ತೂತು ಇನ್ನೊಂದು ಕಡೆ ಆದರೆ ಆಯಿಲ್ ಬಾರಿನ ಪಕ್ಕದಿಂದ ಸೋರಿ ನೆಲಕ್ಕೆ ಬೀಳುತ್ತದೆ. ಟ್ಯಾಂಕ್ ಖಾಲಿಯಾಗುತ್ತಿದ್ದರೂ ಚೈನ್ ಒಣಗಿರುತ್ತದೆ.

ಮೊದಲು ಬೋಲ್ಟ್ ಕೂರುವ ಬುಡದ ಸೀಳಿನ ಅಗಲ ಅಳೆಯಿರಿ. ಹಸ್ಕ್ವಾರ್ನಾ ಕಂಪನಿಯ ಚಿಕ್ಕ ಯಂತ್ರಗಳಿಗೆ ಸುಮಾರು 8 ಮಿ.ಮೀ., ದೊಡ್ಡವಕ್ಕೆ 9, ಸ್ಟಿಲ್ ಕಂಪನಿಯ ದೊಡ್ಡ ಯಂತ್ರಗಳಿಗೆ 12 ಮಿ.ಮೀ. ಇರುತ್ತದೆ. ದೊಡ್ಡ ಸೀಳಿನ ಬಾರನ್ನು ಸಣ್ಣ ಬೋಲ್ಟಿಗೆ ಹಾಕಿದರೆ ಅದು ಮೇಲೆ ಕೆಳಗೆ ಆಡುತ್ತದೆ, ತೂತಿನ ಜಾಗವೂ ಅದರೊಂದಿಗೆ ಸರಿಯುತ್ತದೆ. ಗೇಜ್ (ಗ್ರೂವ್‌ನ ಅಗಲ: 1.1, 1.3, 1.5 ಅಥವಾ 1.6 ಮಿ.ಮೀ.), ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ), ಡ್ರೈವ್ ಲಿಂಕ್‌ಗಳ ಸಂಖ್ಯೆ ಚೈನಿಗೆ ಹೊಂದಲೇಬೇಕು. ಮೂತಿಯಲ್ಲಿ ಸ್ಪ್ರಾಕೆಟ್ (ಹಲ್ಲಿನ ಚಕ್ರ) ಇದ್ದರೆ ಅದರ ಪಿಚ್ ಕೂಡ.

ಇನ್ನು ತೂತಿನ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಪ್ಲಗ್ ಕ್ಯಾಪ್ ಕಿತ್ತು, ಚೈನ್ ತೆಗೆಯಿರಿ. ಬಾರ್ ಕೂರುವ ಜಾಗವನ್ನು ಒರೆಸಿ, ಆಯಿಲ್ ಬಾಯಿಯ ಅಂಚಿಗೆ ಗ್ರೀಸ್ ತೆಳ್ಳಗೆ ಸವರಿ. ಚೈನ್ ಬಿಗಿ ಮಾಡುವ ಟೆನ್ಷನರ್ ಪಿನ್ ಪೂರ್ತಿ ಹಿಂದಿರುವಾಗ ಬಾರನ್ನು ಒತ್ತಿ ತೆಗೆದು ಗುರುತು ನೋಡಿ. ಗುರುತು ಒರೆಸಿ, ಪಿನ್ ಪೂರ್ತಿ ಮುಂದಿಟ್ಟು ಮತ್ತೆ ಒತ್ತಿ. ಚೈನ್ ಉದ್ದವಾದಂತೆಲ್ಲ ಬಾರ್ ಮುಂದೆ ಸರಿಯುವುದರಿಂದ ಎರಡೂ ಕೊನೆಗಳಲ್ಲಿ ತೂತು ಬಾಯಿಯ ವ್ಯಾಪ್ತಿಯೊಳಗೇ ಇರಬೇಕು. ಹೊಸ ಚೈನಿನಲ್ಲಿ ಚೆನ್ನಾಗಿದ್ದದ್ದು ಎರಡು ವಾರದಲ್ಲಿ ಒಣಗುವುದಕ್ಕೆ ಕಾರಣ ಹೆಚ್ಚಾಗಿ ಇದೇ. ಬಾರನ್ನು ತಿರುವಿ ಹಾಕಿಯೂ ಇದೇ ಪರೀಕ್ಷೆ ಮಾಡಿ, ಆಗ ಇನ್ನೊಂದು ತೂತು ಕೆಲಸಕ್ಕೆ ಬರುತ್ತದೆ.

ಗುರುತು ಸ್ವಲ್ಪವೇ ತಪ್ಪಿದ್ದರೆ ತೂತನ್ನು ಅಗಲಿಸಬಹುದು. ಕೋಬಾಲ್ಟ್ ಬಿಟ್ ಬಳಸಿ, ನಿಧಾನ ವೇಗದಲ್ಲಿ, ಎಣ್ಣೆ ಹನಿಸುತ್ತ, ಬಾಯಿಯ ದಿಕ್ಕಿಗೆ ಮಾತ್ರ ಕೊರೆಯಿರಿ. ರೈಲಿನ (ಚೈನ್ ಓಡುವ ಬಾರಿನ ಅಂಚಿನ) ಹತ್ತಿರ ಹೋಗಬೇಡಿ: ಅಲ್ಲಿ ಉಕ್ಕು ಗಟ್ಟಿ ಮಾಡಿದ್ದು, ತೆಳುವಾದರೆ ಬಿರಿಯುತ್ತದೆ. ತೂತಿನ ಅಂಚಿನಲ್ಲಿ ಎದ್ದ ಚೂಪು ಬರ್ ತೆಗೆದು, ಲೋಹದ ಚೂರನ್ನು ಗ್ರೂವ್‌ನಿಂದ ಊದಿ ತೆಗೆಯಿರಿ. ತುಂಬಾ ತಪ್ಪಿದ್ದರೆ ಆ ಬಾರನ್ನು ಹಿಂದಿರುಗಿಸಿ. ಹೊಸ ತೂತು ಕೊರೆಯಲು ಹೋದರೆ ಗ್ರೂವ್ ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು. ಬಾರಿನ ಒಳಬದಿಯ ತೆಳು ತಗಡು ಕಳೆದುಹೋಗಿದ್ದರೆ ಹೊಸದನ್ನು ಹಾಕಿಯೇ ಜೋಡಿಸಿ, ಅದಿಲ್ಲದೆ ತೂತು ಸರಿಯಿದ್ದರೂ ಆಯಿಲ್ ಸೋರುತ್ತದೆ.

ಕೊನೆಯ ಪರೀಕ್ಷೆ ಓಡಿಸಿಯೇ. ಎಲ್ಲ ಜೋಡಿಸಿ, ಕವರ್ ಹಾಕಿ, ಮೂತಿಯನ್ನು ಒಣ ಕಾರ್ಡ್‌ಬೋರ್ಡಿನಿಂದ ಒಂದು ಗೇಣು ಎತ್ತರದಲ್ಲಿ ಹಿಡಿದು ವೇಗ ಕೊಡಿ. ಸ್ವಲ್ಪ ಹೊತ್ತಿನಲ್ಲೇ ಆಯಿಲ್ ಗೆರೆ ಮೂಡಬೇಕು. ಪಂಪ್ ಕ್ಲಚ್ ಡ್ರಮ್ಮಿನಿಂದ ಓಡುವ ಯಂತ್ರಗಳಲ್ಲಿ ಐಡ್ಲಿಂಗ್‌ನಲ್ಲಿ ಆಯಿಲ್ ಬಾರದಿದ್ದರೆ ಅದು ದೋಷವಲ್ಲ, ಚೈನ್ ತಿರುಗದೆ ಪಂಪೂ ತಿರುಗುವುದಿಲ್ಲ.

ಹಳೆಯದಕ್ಕಿಂತ ಉದ್ದದ ಬಾರ್ ಹಾಕಿದ್ದರೆ ಪಂಪಿನ ಹೊಂದಾಣಿಕೆ ಸ್ಕ್ರೂ ಹೆಚ್ಚಿಸಿ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗ ಆಯಿಲ್ ಟ್ಯಾಂಕಿನಲ್ಲಿ ಸ್ವಲ್ಪ ಉಳಿದಿರಬೇಕು; ಪೆಟ್ರೋಲಿಗಿಂತ ಮೊದಲೇ ಅದು ಖಾಲಿಯಾದರೆ ಚೈನ್ ಒಣಗಿ ಓಡುತ್ತದೆ. ಪಂಪ್ ಪೂರ್ತಿ ತೆರೆದರೂ ಮೂತಿಯ ರೈಲು ನೀಲಿಗಟ್ಟಿದರೆ ಆ ಉದ್ದ ಆ ಯಂತ್ರಕ್ಕೆ ಹೆಚ್ಚಾಯಿತು, ಗಿಡ್ಡ ಬಾರ್ ಹಾಕಿ. ಚೈನ್ ಬದಲಿಸುವಾಗೆಲ್ಲ ತೂತಿನೊಳಗೆ ತಂತಿ ತೂರಿಸಿ, ಮರದ ಪುಡಿ ಕಟ್ಟಿರುತ್ತದೆ.