ಒದೆಯೋಕೆ ಮುಂಚೆ ರೆಫ್ರಿ ಕೈ ನೋಡ್ರಿ

ಬಳ್ಳಾರಿ ಬಿಸಿಲು ಗೊತ್ತಲ್ಲ, ಸಂಜೆ ಐದರ ಮೇಲೇನೇ ನಾವು ಗ್ರೌಂಡಿಗೆ ಇಳಿಯೋದು. ಫುಟ್‌ಬಾಲ್ ಕಲಿಯೋ ಹುಡುಗರಿಗೆ ನಾನು ಮೊದ್ಲು ಹೇಳ್ಕೊಡೋದು ಬಾಲ್ ಒದೆಯೋದಲ್ಲ, ಎದುರಿನೋರ ತಪ್ಪಿಗೆ ನಮಗೆ ಫ್ರೀ ಕಿಕ್ ಸಿಕ್ಕಾಗ ರೆಫ್ರಿ ಕೈ ಎಲ್ಲೈತೆ ನೋಡೋದು. ಯಾಕಂದ್ರೆ ಅದನ್ನ ನೋಡ್ದೆ ನಾನೊಂದು ಮ್ಯಾಚೇ ಕಳ್ಕೊಂಡೀನಿ.

ಕಾಲೇಜಲ್ಲಿದ್ದಾಗ ಇಲ್ಲೇ ಒಂದು ಟೂರ್ನಮೆಂಟು, ಸ್ಕೋರ್ 0-0, ಇನ್ನೇನು ಟೈಮ್ ಮುಗೀಬೇಕು, ಎದುರಿನ ಟೀಮಿನ ಡಿಫೆಂಡರ್ ಬೇಕಂತಲೇ ಕಾಲಿಂದ ಗೋಲ್‌ಕೀಪರಿಗೆ ಬ್ಯಾಕ್ ಪಾಸ್ ಕೊಟ್ಟ, ಕೀಪರ್ ಗಾಬರಿಯಾಗಿ ಕೈಯಲ್ಲಿ ಹಿಡ್ಕೊಂಬಿಟ್ಟ. ಹಂಗೆ ಹಿಡಿಯೋದು ತಪ್ಪು, ಫ್ರೀ ಕಿಕ್ ನಮಗೆ. ರೆಫ್ರಿ ವಿಸಿಲ್ ಊದಿ ಕೈ ಮೇಲೆತ್ತಿ ನಿಂತ್ರು. ನಾನು ಅಡ್ಡ ನಿಂತ ಆಟಗಾರರ ಗೋಡೆ ಪಕ್ಕದಿಂದ ಸೀದಾ ನೆಟ್ಟಿಗೆ ಬಾರಿಸ್ದೆ, ಯಾರಿಗೂ ತಾಗ್ಲಿಲ್ಲ. ನಮ್ಮೋರೆಲ್ಲ ಕೂಗ್ಕೊಂಡು ಬಂದು ನನ್ ಮೇಲೆ ಬಿದ್ರು. ರೆಫ್ರಿ ಮಾತ್ರ ಗೋಲ್ ಕೊಡ್ಲಿಲ್ಲ, ಎದುರಿನೋರಿಗೆ ಗೋಲ್ ಕಿಕ್ ಕೊಟ್ರು. ಆಮೇಲೆ ಪೆನಾಲ್ಟಿನಲ್ಲಿ ಸೋತ್ವಿ. ಮ್ಯಾಚ್ ಮುಗಿದ್ಮೇಲೆ ಆ ರೆಫ್ರಿನೇ ಕರೆದು "ತಮ್ಮಾ, ಕೈ ಎತ್ತೀನಿ ಅಂದ್ರೆ ಇನ್‌ಡೈರೆಕ್ಟು, ಇನ್ನೊಬ್ಬರಿಗೆ ತಾಗಿ ಹೋದ್ರಷ್ಟೇ ಗೋಲು" ಅಂದ್ರು. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಫ್ರೀ ಅಂದ್ರೆ ಪುಕ್ಕಟೆ ಅಂತ ಹುಡುಗರು ತಿಳ್ಕೊಂಡಿರ್ತಾರೆ. ಅಲ್ಲ, ಎದುರಿನೋರು ಅಡ್ಡ ಬರದಂಗೆ ಒದೆಯೋ ಹಕ್ಕು ಅದು, ಅದಕ್ಕೇ 9.15 ಮೀಟರ್ ದೂರ ನಿಲ್ಲಬೇಕು ಅನ್ನೋದು. ಸುಣ್ಣದ ಪುಡೀಲಿ ಗೆರೆ ಎಳೆದು ಅದರ ಮೇಲೆ ನಾಲ್ಕು ಹುಡುಗರ್ನ ನಿಲ್ಲಿಸ್ತೀನಿ, ಕಣ್ಣಾರೆ ಕಂಡ್ರೇನೇ ಆ ದೂರ ತಲೇಲಿ ಕೂರೋದು. ಒದ್ದಿದ್ದು, ತಳ್ಳಿದ್ದು, ಹ್ಯಾಂಡ್‌ಬಾಲ್ ಇವಕ್ಕೆಲ್ಲ ಡೈರೆಕ್ಟು, ಸೀದಾ ಗೋಲಿಗೇ ಹೊಡೀಬಹುದು.

ಇನ್‌ಡೈರೆಕ್ಟಿಗೆ ಮಾತ್ರ ಜೋಡಿ ಬೇಕು. ಒಬ್ಬ ತಟ್ಟಬೇಕು, ಇನ್ನೊಬ್ಬ ಹೊಡೀಬೇಕು. ಮೊದಮೊದ್ಲು ಹುಡುಗರು ಬಾಲ್ ಮೇಲೆ ಸುಮ್ನೆ ಬೂಟಿನ ತಳ ಇಟ್ಟು "ಆಯ್ತು ಸಾರ್" ಅಂತಿದ್ರು. ಅದು ನಡೆಯಲ್ಲ, ಬಾಲ್ ಕಣ್ಣಿಗೆ ಕಾಣೋ ಹಂಗೆ ಜರುಗಬೇಕು ಅಂತ ರೂಲೇ ಐತೆ. ನಮ್ಮ ನೆಲ ಬೇರೆ ಕಲ್ಲಿನಂಗೆ ಗಟ್ಟಿ, ಚೂರು ಜೋರಾಗಿ ತಟ್ಟಿದ್ರೆ ಎಲ್ಲೋ ಓಡೋಗುತ್ತೆ, ಅಷ್ಟರಲ್ಲಿ ಎದುರಿನೋರು ನುಗ್ಗಿ ಬಂದಿರ್ತಾರೆ. ಅದಕ್ಕೆ ಒಂದು ಗೇಣು, ಅಷ್ಟೇ, ಒಂದು ಗೇಣು ಜರುಗಿಸಿ ಕಾಲು ತಗೊಂಡ್ಬಿಡ್ಬೇಕು, ಹಿಂದಿನೋನು ಅಷ್ಟೊತ್ತಿಗೆ ಓಡ್ಕೊಂಡು ಬಂದಿರ್ಬೇಕು. ಮೂರು ವಾರ ಇದೊಂದನ್ನೇ ಮಾಡ್ಸಿದೆ. ಈಗ ವಿಸಿಲ್ ಕೇಳಿದ್ರೆ ಸಾಕು, ಬಾಲ್ ಹತ್ರ ಹೋಗೋನಿಗೆ ಉಳಿದೋರೆಲ್ಲ ಕೂಗ್ತಾರೆ, "ಲೇ, ಕೈ ನೋಡಲೇ!"